ಗಾಳಿ ಬೀಸುವ ಹೆದ್ದಾರಿ

ತುಮಕೂರನ್ನು ಹಿಂದೆ ಬಿಟ್ಟು ವಾಯವ್ಯ ದಿಕ್ಕಿಗೆ ಹೊರಟ ಪ್ರಯಾಣಿಕನ ಅನುಭವಕ್ಕೆ ಮೊದಲು ಬರುವುದು ಆಕಾಶದ ವಿಸ್ತಾರ. ಊರಂಚಿನ ತೆಂಗು ಮಾವುಗಳ ನೆರಳು ಕ್ರಮೇಣ ತೆಳುವಾಗುತ್ತದೆ. ಬೆಟ್ಟಗಳು ದಾರಿ ಬಿಟ್ಟು ದೂರ ಸರಿದು ನಿಲ್ಲುತ್ತವೆ. ಹುಣಿಸೆ, ಹೊಂಗೆ, ಜಾಲಿ, ಶೇಂಗಾ ಹೊಲಗಳ ಕೆಂಪು ನೆಲ, ಅಲ್ಲಲ್ಲಿ ಒಂದು ಬತ್ತಿದ ಕೆರೆಯ ಏರಿ. ಇವುಗಳ ನಡುವೆ ಕರಿಯ ಪಟ್ಟೆಯಂತೆ ಹಾಸಿಕೊಂಡು ಹೋಗುವುದು ರಾಷ್ಟ್ರೀಯ ಹೆದ್ದಾರಿ. ದೆಹಲಿಯಿಂದ ಹೊರಟು ಮುಂಬಯಿ, ಪುಣೆ, ಬೆಂಗಳೂರುಗಳ ಮೂಲಕ ಚೆನ್ನೈ ಸೇರುವ ಈ ಮಹಾಮಾರ್ಗಕ್ಕೆ ಈಗಿನ ಸಂಖ್ಯೆ 48. ಆದರೆ 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆಗಳನ್ನು ಕೊಡುವವರೆಗೂ ಈ ಭಾಗಕ್ಕೆ ಇದ್ದ ಸಂಖ್ಯೆ 4. ಸೀಮೆಯ ಅನೇಕರ ಬಾಯಲ್ಲಿ ಅದು ಇನ್ನೂ ‘ಎನ್.ಎಚ್. ನಾಲ್ಕೇ’.

ಬಸ್ಸಿನ ಕಿಟಕಿಯಿಂದ ನೋಡುವವನಿಗೆ ಇದು ನಿದ್ದೆ ಬರಿಸುವ ದಾರಿ. ಕಾರಿನವನಿಗೆ ಗಡಿಯಾರ ನೋಡಿಕೊಳ್ಳುವ ದಾರಿ. ಎರಡು ಗಾಲಿಯ ಮೇಲೆ ಕುಳಿತವನಿಗೆ ಮಾತ್ರ ಇದು ಬೇರೊಂದು ಲೋಕ. ಗಾಳಿಗೂ ಅವನಿಗೂ ನಡುವೆ ಗಾಜಿಲ್ಲ. ಟಾರಿಗೂ ಅವನಿಗೂ ನಡುವೆ ಬಾಗಿಲಿಲ್ಲ. ಪಕ್ಕದಲ್ಲಿ ಹಾದುಹೋಗುವ ಹದಿನಾಲ್ಕು ಚಕ್ರದ ಲಾರಿಯ ಉಸಿರು ನೇರವಾಗಿ ಅವನ ಎದೆಗೇ ತಟ್ಟುತ್ತದೆ.

ತುಮಕೂರಿನ ಪ್ರೌಢಶಾಲೆಯೊಂದರ ಗಣಿತದ ಮೇಷ್ಟ್ರೊಬ್ಬರಿಗೆ ಈ ದಾರಿಯ ಮೇಲೆ ಅಂತಹ ಭಯವಿತ್ತು. ನಲವತ್ತರ ಹತ್ತಿರದ ವಯಸ್ಸು. ಊರೊಳಗೆ ಹನ್ನೆರಡು ವರ್ಷಗಳಿಂದ ಮೋಟಾರು ಸೈಕಲ್ಲಿನಲ್ಲೇ ಅವರ ಓಡಾಟ. ಮಂಡಿಪೇಟೆಯ ಜನಜಂಗುಳಿಯಲ್ಲಿ ಸೂಜಿಯಲ್ಲಿ ದಾರ ಪೋಣಿಸಿದಂತೆ ವಾಹನವನ್ನು ನುಗ್ಗಿಸಬಲ್ಲರು. ಆದರೆ ವೇಗದ ಮುಳ್ಳು ನಲವತ್ತೈದನ್ನು ದಾಟಿತೆಂದರೆ ಅಂಗೈ ಬೆವರುವುದು. ಭುಜಗಳು ಕಿವಿಯತ್ತ ಏರುವುವು. ಹಿಂದಿನಿಂದ ಹಾರನ್ನು ಕೇಳಿಸಿದರಂತೂ ಮೈಯೆಲ್ಲ ಮರಗಟ್ಟಿದಂತಾಗುವುದು.

ಇದನ್ನು ಅವರು ದೊಡ್ಡ ಕೊರತೆಯೆಂದು ಎಣಿಸಿರಲಿಲ್ಲ. ಬಸ್ಸುಗಳಿಗೇನು ಬರ? ಆದರೆ ಹಿರಿಯೂರಿನ ಆಚೆ, ವಾಣಿವಿಲಾಸ ಸಾಗರದ ಕಾಲುವೆಯ ಬಯಲಿನ ಹಳ್ಳಿಯೊಂದರಲ್ಲಿ ಅವರ ತಂದೆ ಒಬ್ಬರೇ ಇದ್ದರು. ಪತ್ನಿ ತೀರಿಕೊಂಡ ಮೇಲೂ ತೆಂಗಿನ ತೋಟವನ್ನು ಬಿಟ್ಟು ಬರಲು ಆ ಹಿರಿಯರು ಒಪ್ಪಿರಲಿಲ್ಲ. ತುಮಕೂರಿನಿಂದ ಹಿರಿಯೂರಿಗೆ ಸುಮಾರು 90 ಕಿಲೋಮೀಟರು. ಅಲ್ಲಿಂದ ಹಳ್ಳಿಗೆ ಇನ್ನೂ ಹನ್ನೆರಡು. ಹೆದ್ದಾರಿಯ ಬಸ್ಸು ಬೇಗನೆ ಹಿರಿಯೂರು ಮುಟ್ಟಿಸಿದರೂ ಆ ಹನ್ನೆರಡು ಕಿಲೋಮೀಟರಿನ ದಾರಿಗೆ ಬಸ್ಸುಗಳು ವಿರಳ.

ಒಂದು ಸಂಜೆ ಪಕ್ಕದ ತೋಟದವರಿಂದ ದೂರವಾಣಿ ಬಂದಿತು. ಮುದುಕರು ಬಾವಿಯ ಕಟ್ಟೆಯ ಬಳಿ ತಲೆ ಸುತ್ತಿ ಬಿದ್ದಿದ್ದರು. ಮೇಷ್ಟ್ರು ಹಿಂದುಮುಂದು ನೋಡದೆ ಮೋಟಾರು ಸೈಕಲ್ಲನ್ನೇರಿ ಹೊರಟೇಬಿಟ್ಟರು. ಕೋರಾದ ಸಮೀಪ ಎರಡು ಲಾರಿಗಳು ಒಂದರ ಬೆನ್ನಿಗೊಂದು ಅವರನ್ನು ದಾಟಿದುವು. ಗಾಳಿಯ ಹೊಡೆತಕ್ಕೆ ವಾಹನ ಎರಡಡಿ ಎಡಕ್ಕೆ ಜಾರಿ ಜಲ್ಲಿಯ ಅಂಚಿಗೆ ಬಂದಿತು. ನಿಲ್ಲಿಸಿದರು. ಕೈ ನಡುಗುತ್ತಿತ್ತು. ಹತ್ತು ನಿಮಿಷ ಹಾಗೆಯೇ ನಿಂತಿದ್ದು, ಮನೆಗೆ ಹಿಂತಿರುಗಿ, ಬಸ್ಸು ಹಿಡಿದು ಅವರು ಹಳ್ಳಿ ಸೇರುವ ವೇಳೆಗೆ ಮರುದಿನ ಬೆಳಗಾಗಿತ್ತು. ನೆರೆಯವರೇ ಮುದುಕರನ್ನು ಆಸ್ಪತ್ರೆಗೆ ಕರೆದೊಯ್ದು, ಕರೆತಂದು, ಗಂಜಿ ಕುಡಿಸಿ ಮಲಗಿಸಿದ್ದರು.

“ರಾತ್ರೀನೆ ಹೊರಟೆ ಅಂದ್ರಲ್ಲ, ಬಸ್ ಸಿಗ್ಲಿಲ್ವೇನಪ್ಪ?” ಎಂದು ತಂದೆ ಕೇಳಿದರು. ಆ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಮಗನಿಗೆ ಉತ್ತರ ಹೊಳೆಯಲಿಲ್ಲ.

*

ಭಯವೆಲ್ಲವೂ ಹೇಡಿತನವಲ್ಲ. ಹೆದ್ದಾರಿಯ ವೇಗಕ್ಕೆ ಅಂಜುವವನು ಸುಳ್ಳು ಭೂತಕ್ಕೆ ಅಂಜುತ್ತಿಲ್ಲ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳ ಮೇಲೆ 1,68,491 ಜನ ಪ್ರಾಣ ಬಿಟ್ಟರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನಗಳ ಮೇಲಿದ್ದವರು. ಬೆಂಗಳೂರು–ಮೈಸೂರು ನಡುವಣ ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳನ್ನು ನಿಷೇಧಿಸಿದ್ದೂ ಇಂತಹ ಕಾರಣಕ್ಕಾಗಿಯೇ. ಭಯಕ್ಕೆ ಆಧಾರವಿದೆ. ಆದರೆ ಕೈಕಾಲುಗಳನ್ನು ಬಿಗಿದುಹಾಕಿ ಸವಾರನನ್ನು ಬೀಳಿಸುವುದೂ ಆ ಭಯವೇ. ಆದ್ದರಿಂದ ಅದನ್ನು ಹೊರದೂಡುವ ಮೊದಲು, ಅದರಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು ಎಂದು ಬೇರ್ಪಡಿಸಬೇಕಾಗುತ್ತದೆ.

ಮೇಷ್ಟ್ರಿಗೆ ಈ ಕಾರ್ಯದಲ್ಲಿ ಒದಗಿದವರು ಅವರ ವಾಹನವನ್ನು ರಿಪೇರಿ ಮಾಡುತ್ತಿದ್ದ ಮುದಿ ಮೇಸ್ತ್ರಿ. ಮೈಸೂರಿನ ಕಾರ್ಖಾನೆಯಿಂದ 1961ರಿಂದ ಜಾವಾಗಳೂ 1973ರಿಂದ ಯೆಜ್ಡಿಗಳೂ ಹೊರಬಂದು, 1996ರಲ್ಲಿ ಆ ಕಾರ್ಖಾನೆ ಮುಚ್ಚುವವರೆಗೆ ನಾಡಿನ ರಸ್ತೆಗಳಲ್ಲಿ ಮೊರೆದವಷ್ಟೆ. ಒದೆದು ಎಬ್ಬಿಸುವ ಕಿಕ್ಕರನ್ನೇ ಮುಂದಕ್ಕೆ ಮಡಿಸಿ ಗೇರು ಬದಲಿಸುವ ಆ ವಾಹನಗಳ ಮೇಲೆ ಮೇಸ್ತ್ರಿಯ ಯೌವನ ಕಳೆದಿತ್ತು. ರಸ್ತೆ ಇಬ್ಭಾಗವಾಗುವ ಮೊದಲು, ಎದುರಿನ ಲಾರಿಯ ದೀಪಗಳಿಗೆ ಕಣ್ಣು ಕೊಟ್ಟು ದಾವಣಗೆರೆಯವರೆಗೆ ಹೋಗಿಬಂದ ಜೀವ ಅದು.

ಮೇಷ್ಟ್ರು ಸಂಕೋಚದಿಂದ ನಡೆದುದನ್ನೆಲ್ಲ ಹೇಳಿದರು. ಮೇಸ್ತ್ರಿ ನಗಲಿಲ್ಲ. ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡು, “ಮೇಷ್ಟ್ರೇ, ಮಕ್ಕಳಿಗೆ ಮೊದಲನೇ ದಿವಸಾನೇ ದೊಡ್ಡ ಭಾಗಾಕಾರ ಕೊಡ್ತೀರಾ?” ಎಂದರು.

“ಇಲ್ಲ.”

“ಮತ್ತೆ ನಿಮಗೆ ನೀವೇ ಯಾಕೆ ರಾತ್ರಿ ಹೊತ್ತು ತೊಂಬತ್ತು ಕಿಲೋಮೀಟ್ರು ಕೊಟ್ಕೊಂಡ್ರಿ? ಭಾನುವಾರ ಬೆಳಿಗ್ಗೆ ಬನ್ನಿ.”

ಅದಕ್ಕೆ ಮೊದಲು ವಾಹನದ ಪರೀಕ್ಷೆಯಾಯಿತು. ಚೈನು ಸಡಿಲವಾಗಿತ್ತು, ಬಿಗಿದು ಎಣ್ಣೆ ಕೊಟ್ಟರು. ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆಯಿತ್ತು. ಊರೊಳಗೆ ಗೊತ್ತಾಗದ ಈ ಕೊರತೆಗಳು ವೇಗದಲ್ಲಿ ಓಲಾಟವಾಗಿ ಕಾಣಿಸಿಕೊಳ್ಳುತ್ತವೆ. ಸವಾರ ಅದನ್ನು ತನ್ನ ಅಧೈರ್ಯವೆಂದು ತಿಳಿಯುತ್ತಾನೆ. ಮೇಷ್ಟ್ರ ಹೆಲ್ಮೆಟ್ಟು ಪೊಲೀಸರಿಗಾಗಿ ಕೊಂಡ ಟೊಪ್ಪಿಗೆಯಂತಿತ್ತು. ಅದರ ಬದಲು ಐ.ಎಸ್.ಐ. ಗುರುತಿನ, ಮುಖ ಮುಚ್ಚುವ ಹೆಲ್ಮೆಟ್ಟು ಬಂದಿತು. ಗಾಳಿಯ ಭೋರೆಂಬ ಸದ್ದು ಅರ್ಧಕ್ಕೆ ಇಳಿದಾಗ, ಭಯದ ಒಂದು ಪಾಲು ಕಿವಿಯದೇ ಆಗಿತ್ತೆಂಬುದು ಅವರಿಗೆ ಅರಿವಾಯಿತು.

*

ಮೊದಲ ಭಾನುವಾರದ ಪಾಠ ಕೋರಾದವರೆಗೆ ಮಾತ್ರ. ಬೆಳಗಿನ ಆರು ಗಂಟೆ; ದಾರಿಯ ನಡುವಣ ದಿಬ್ಬದ ಕಣಗಿಲೆ ಹೂಗಳ ಮೇಲೆ ಇನ್ನೂ ಇಬ್ಬನಿಯಿತ್ತು. ಮೇಸ್ತ್ರಿ ತಮ್ಮ ಹಳೆಯ ವಾಹನದಲ್ಲಿ ಹಿಂದೆ, ಮೇಷ್ಟ್ರು ಮುಂದೆ. ವೇಗ ಗಂಟೆಗೆ 50 ಕಿಲೋಮೀಟರನ್ನು ಮೀರತಕ್ಕದ್ದಲ್ಲವೆಂದು ಕಟ್ಟಪ್ಪಣೆ.

ಕೋರಾದಲ್ಲಿ ನಿಂತಾಗ ಮೇಸ್ತ್ರಿ ಹೇಳಿದ್ದು ಒಂದೇ ಮಾತು: “ಹ್ಯಾಂಡಲ್ನ ಕಳ್ಳನ್ನ ಹಿಡ್ಕೊಂಡ ಹಾಗೆ ಹಿಡ್ಕೊಂಡಿದೀರಿ. ಕೋಳಿಮರಿ ಹಿಡ್ಕೊಂಡ ಹಾಗೆ ಹಿಡೀರಿ.”

ಈ ಮಾತಿನ ಹಿಂದೆ ಯಂತ್ರಶಾಸ್ತ್ರವಿದೆ. ಓಡುವ ಎರಡು ಗಾಲಿಯ ವಾಹನ ಸ್ವಭಾವತಃ ನೆಟ್ಟಗೆ ನಿಲ್ಲಬಯಸುತ್ತದೆ. ಗಾಲಿಗಳ ಸುತ್ತುವಿಕೆಯೂ ಮುಂಗಾಲಿಯ ಕವಲನ್ನು ಓರೆಯಾಗಿ ಜೋಡಿಸಿರುವ ರೀತಿಯೂ ಸೇರಿ ಅದನ್ನು ನೆಟ್ಟಗಿಡುತ್ತವೆ. ನಡಿಗೆಯ ವೇಗದಲ್ಲಿ ತೂರಾಡುವ ವಾಹನವೇ 50ರಲ್ಲಿ ಹಳಿಯ ಮೇಲಿದ್ದಂತೆ ಓಡುತ್ತದೆ. ಸಣ್ಣ ಕುಲುಕನ್ನು ಮುಂಗಾಲಿ ತಾನೇ ತಿದ್ದಿಕೊಳ್ಳುತ್ತದೆ. ಸವಾರನ ಬಿಗಿದ ತೋಳುಗಳೇ ಆ ತಿದ್ದುಪಡಿಗೆ ಅಡ್ಡಿ. ಮೊಣಕಾಲುಗಳಿಂದ ಟ್ಯಾಂಕನ್ನು ಒತ್ತಿ ಹಿಡಿದು, ಮೊಣಕೈಗಳನ್ನು ಸಡಿಲಬಿಟ್ಟರೆ ಅರ್ಧ ನಡುಕ ತಾನಾಗಿ ಇಲ್ಲವಾಗುತ್ತದೆ. ಹಿಂತಿರುಗುವಾಗ ಮೇಷ್ಟ್ರು ಹಾಡೊಂದನ್ನು ಗುನುಗಲು ಯತ್ನಿಸಿದರು. ಗಂಟಲು ಬಿಗಿದರೆ ಕೈಯೂ ಬಿಗಿದಿದೆಯೆಂದು ತಿಳಿಯಲು ಅದು ಮೇಸ್ತ್ರಿ ಕೊಟ್ಟ ಉಪಾಯ.

ಎರಡನೆಯ ವಾರ ಸೀಬಿ. ತುಮಕೂರಿನಿಂದ ಸುಮಾರು 24 ಕಿಲೋಮೀಟರಿನ ಈ ಕ್ಷೇತ್ರ ನರಸಿಂಹಸ್ವಾಮಿಗೂ ಹದಿನೆಂಟನೆಯ ಶತಮಾನದ ಕೊನೆಯ ಕಾಲದ ಭಿತ್ತಿಚಿತ್ರಗಳಿಗೂ ಹೆಸರಾದುದು. ಹೇರೆತ್ತುಗಳ ಮೇಲೆ ದವಸ ಸಾಗಿಸುತ್ತಿದ್ದ ವರ್ತಕನೊಬ್ಬ ಇಲ್ಲಿ ಇಳಿದಾಗ, ಬಂಡೆಗೆ ತಾಕಿದ ಪಾತ್ರೆಯ ಅಡಿಗೆ ರಕ್ತವರ್ಣಕ್ಕೆ ತಿರುಗಿ ಸ್ವಾಮಿಯ ಇರವು ತಿಳಿಯಿತೆಂಬುದು ಸ್ಥಳಪುರಾಣ. ಎಂದರೆ ಈ ದಾರಿಯಲ್ಲಿ ಸರಕು ಹೋಗುವುದು ಹೊಸದಲ್ಲ. ಎತ್ತಿನ ಗೊರಸಿನ ಸದ್ದು ಹೋಗಿ ಡೀಸೆಲ್ಲಿನ ಗುಡುಗು ಬಂದಿದೆ, ಅಷ್ಟೆ.

ಆ ದಿನದ ವೇಗ 60. ಕಲಿತದ್ದು ಕಣ್ಣಿನ ಪಾಠ. ಹೆದರಿದ ಸವಾರನ ದೃಷ್ಟಿ ಮುಂಗಾಲಿಯ ಮುಂದಿನ ಹತ್ತು ಮಾರಿಗೆ ಕಟ್ಟುಬಿದ್ದಿರುತ್ತದೆ. ಅಲ್ಲಿ ನೆಲ ಹೊಳೆಯಂತೆ ಹರಿದುಬರುವುದರಿಂದ ವೇಗ ಇಮ್ಮಡಿಯಾಗಿ ತೋರುತ್ತದೆ. ನೋಟವನ್ನು ಎತ್ತಿ ರಸ್ತೆಯೂ ಆಕಾಶವೂ ಕೂಡುವ ಕಡೆಗೆ ಇಟ್ಟರೆ ಅದೇ ವೇಗ ಶಾಂತವಾಗುತ್ತದೆ. ಇನ್ನೂ ಒಂದು ಸಂಗತಿಯುಂಟು. ಕಣ್ಣು ಎಲ್ಲಿಗೋ ವಾಹನವೂ ಅಲ್ಲಿಗೆ. ಗುಂಡಿಯನ್ನು ದಿಟ್ಟಿಸಿದವನು ಗುಂಡಿಗೇ ಹೋಗುತ್ತಾನೆ. ಅದರ ಪಕ್ಕದ ಹಸನಾದ ನೆಲವನ್ನು ನೋಡಿದವನು ದಾಟಿ ಹೋಗುತ್ತಾನೆ. ಜೊತೆಗೆ, ವೇಗದಲ್ಲಿ ಎಡಕ್ಕೆ ಸರಿಯಬೇಕಾದರೆ ಎಡಗೈಯ ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ಒತ್ತಬೇಕೆಂಬ, ಕೇಳಿದಾಗ ತಿರುವುಮುರುವಾಗಿ ತೋರುವ ಸತ್ಯವನ್ನೂ ಅವರು ಅಂದು ಮಾಡಿ ನೋಡಿದರು. ಒತ್ತಿದೊಡನೆ ವಾಹನ ಎಡಕ್ಕೆ ಬಾಗಿ ಎಡಕ್ಕೇ ಸರಿಯಿತು. ಹನ್ನೆರಡು ವರ್ಷ ತಮಗೆ ತಿಳಿಯದೆಯೇ ಮಾಡುತ್ತಿದ್ದುದನ್ನು ಮೇಷ್ಟ್ರು ಅಂದು ತಿಳಿದು ಮಾಡಿದರು.

*

ಮೂರನೆಯ ವಾರ ಶಿರಾ. ಕಳ್ಳಂಬೆಳ್ಳವನ್ನು ದಾಟಿದರೆ ಬಯಲು ನಿಜವಾಗಿ ಬಿಚ್ಚಿಕೊಳ್ಳುತ್ತದೆ. ಸುಂಕದ ಕಟ್ಟೆಯ ಸಾಲುಗಳಲ್ಲಿ ಕಾರು ಲಾರಿಗಳು ಕಾಯುತ್ತಿರಲು, ಸುಂಕದ ಹಂಗಿಲ್ಲದ ದ್ವಿಚಕ್ರದವರು ಎಡತುದಿಯ ಕಿರುದಾರಿಯಲ್ಲಿ ನುಸುಳಿಹೋಗುವ ಒಂದು ಸಣ್ಣ ಸಂತೋಷವೂ ಇಲ್ಲುಂಟು.

ಲಾರಿಯ ಗಾಳಿಯ ಗುಟ್ಟು ಈ ಹಾದಿಯಲ್ಲಿ ತಿಳಿಯಿತು. ಬಲಗಡೆಯಿಂದ ದಾಟುವ ದೊಡ್ಡ ಲಾರಿಯ ಮೂತಿ ಗಾಳಿಯನ್ನು ಸೀಳಿ ಹೊರಕ್ಕೆ ನೂಕುತ್ತದೆ. ಸವಾರನಿಗೆ ಮೊದಲು ಎಡಕ್ಕೊಂದು ತಳ್ಳು. ಲಾರಿಯ ಮೈ ಹಾಯುವಾಗ ಅದರತ್ತ ಸಣ್ಣ ಸೆಳೆತ. ಬಾಲ ದಾಟಿದ ಮೇಲೆ ಎರಡು ಕ್ಷಣ ಸುಳಿಗಾಳಿಯ ಕುಲುಕಾಟ. ಕ್ರಮ ಯಾವಾಗಲೂ ಇದೇ. ಕನ್ನಡಿಯಲ್ಲಿ ಲಾರಿಯನ್ನು ಮೊದಲೇ ಕಂಡು, ಸಾಲಿನ ಅಂಚಿಗೆ ಹೋಗದೆ ತನ್ನ ಜಾಗದ ನಡುವೆ ನಿಂತು, ಕೈ ಸಡಿಲಿಸಿಕೊಂಡವನಿಗೆ ಅದು ಹೊಳೆಯಲ್ಲಿ ಬರುವ ತೆರೆಯಷ್ಟೆ. ಕೋರಾದ ಆ ರಾತ್ರಿ ತಮ್ಮನ್ನು ಜಲ್ಲಿಗೆ ತಳ್ಳಿದುದು ಲಾರಿಯೊಂದೇ ಅಲ್ಲ, ಬಿಗಿದ ತಮ್ಮ ತೋಳುಗಳೂ ಹೌದು ಎಂದು ಮೇಷ್ಟ್ರಿಗೆ ಈಗ ಹೊಳೆಯಿತು.

ಇನ್ನೊಂದು ಮಾತನ್ನು ಮೇಸ್ತ್ರಿ ಒತ್ತಿ ಹೇಳಿದ್ದರು. ಹೆದ್ದಾರಿಯಲ್ಲಿ ತೀರ ನಿಧಾನವೂ ಅಪಾಯವೇ. ಅರವತ್ತರ ಸುಮಾರಿನಲ್ಲಿ ಬರುವ ಲಾರಿಗಳ ಮುಂದೆ 40ರಲ್ಲಿ ಹೋಗುವವನು ಪ್ರತಿಯೊಂದು ವಾಹನಕ್ಕೂ ಅಡ್ಡಿಯಾಗಿ, ಪ್ರತಿಯೊಂದರಿಂದಲೂ ಹಿಂದಿಕ್ಕಿಸಿಕೊಳ್ಳುತ್ತಾನೆ. ಹಾಗೆಂದು ಮಿತಿ ಮೀರಬೇಕಾಗಿಲ್ಲ. ನಾಲ್ಕು ಸಾಲಿನ, ಇಬ್ಭಾಗವಾದ ರಸ್ತೆಗಳಲ್ಲಿ ಮೋಟಾರು ಸೈಕಲ್ಲಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಪರಮಾವಧಿ ಗಂಟೆಗೆ 80. ಮೇಷ್ಟ್ರು 65ರಿಂದ 70ರ ನಡುವೆ ತಮಗೊಂದು ನೆಲೆ ಕಂಡುಕೊಂಡರು. ಬಹುಪಾಲು ಲಾರಿಗಳ ಜೊತೆಜೊತೆಗೆ ಸಾಗುವ ವೇಗವದು. ದಾಟಿಹೋಗುವ ಕಾರುಗಳ ಜೊತೆ ಅವರಿಗೆ ಲೆಕ್ಕವಿರಲಿಲ್ಲ.

ಶಿರಾ ಇನ್ನು ಐದಾರು ಕಿಲೋಮೀಟರು ಇರುವಾಗ ಪರೀಕ್ಷೆ ಬಂದೊದಗಿತು. ಎಡ ಅಂಚಿನಲ್ಲಿ, ಹುಲ್ಲು ಹೇರಿಕೊಂಡ ಟ್ರ್ಯಾಕ್ಟರೊಂದು ಎದುರು ದಿಕ್ಕಿನಿಂದ ನೇರವಾಗಿ ಬರುತ್ತಿತ್ತು. ಸುತ್ತಿ ಬರುವ ಎರಡು ಕಿಲೋಮೀಟರನ್ನು ಉಳಿಸಲು ತಪ್ಪುದಾರಿ ಹಿಡಿದಿತ್ತು. ಬಲಗಡೆ ಬಸ್ಸು. ಮೇಷ್ಟ್ರ ಬಲಗಾಲು ತಾನಾಗಿ ಹಿಂದಿನ ಬ್ರೇಕನ್ನು ತುಳಿಯಿತು; ಹಿಂಗಾಲಿ ಕಿರಿಚಿಕೊಂಡು ಜಾರಿತು; ವಾಹನ ಓರೆಯಾಯಿತು. ಬಸ್ಸು ಮುಂದಾಯಿತು, ಸಿಕ್ಕಿದ ಎಡೆಯಲ್ಲಿ ಹೇಗೋ ಬಲಕ್ಕೆ ಸರಿದು ಪಾರಾದರು. ಟ್ರ್ಯಾಕ್ಟರಿನವನು ತಿರುಗಿಯೂ ನೋಡಲಿಲ್ಲ.

ಶಿರಾದ ಹೊರವಲಯದ ಚಹಾದ ಅಂಗಡಿಯಲ್ಲಿ ಕುಳಿತಾಗ ಲೋಟ ಹಿಡಿಯಲು ಕೈ ಸ್ತಿಮಿತದಲ್ಲಿರಲಿಲ್ಲ. ಒಳಗೆ ಊರಿನಲ್ಲಿ 1651ರ ಮಲಿಕ್ ರಿಹಾನನ ಗೋರಿಯಿದೆ, 1696ರ ಜಾಮಿಯಾ ಮಸೀದಿಯಿದೆ. 1687ರಿಂದ ಮೊಗಲರ ಸುಬಾದ ರಾಜಧಾನಿಯಾಗಿ ಮೆರೆದು, ಇಂದು ಶೇಂಗಾ ಮಂಡಿಯ ಊರಾಗಿರುವ ಶಿರಾವನ್ನು ನೋಡಬೇಕೆಂದು ಅವರು ಹೊರಟಿದ್ದರು. ಯಾವುದೂ ಬೇಡವಾಯಿತು.

“ಇನ್ನು ಬೇಡ, ಮೇಸ್ತ್ರಿ. ನನ್ನ ಹೆದರಿಕೆ ಹೋಗೋದಲ್ಲ.”

ಮೇಸ್ತ್ರಿ ಚಹಾ ಮುಗಿಸಿ, “ಹೋಗ್ಬೇಕು ಅಂತ ಯಾರು ಹೇಳಿದ್ರು? ನಂಗೂ ಹೋಗಿಲ್ಲ. ಆದ್ರೆ ನೀವು ಹೆದರಿದಾಗ ಕಾಲು ಮುಂದೆ ಬಂತು, ಕೈ ಬರ್ಲಿಲ್ಲ. ಅದನ್ನ ಕಲೀಬಹುದು” ಎಂದರು.

*

ಮುಂದಿನ ಎರಡು ಭಾನುವಾರ ಯಾವ ಊರಿಗೂ ಹೋಗಲಿಲ್ಲ. ಹೆದ್ದಾರಿಯ ಪಕ್ಕದ ನಿರ್ಜನವಾದ ಸೇವಾ ರಸ್ತೆಯಲ್ಲಿ ಮೇಷ್ಟ್ರು ಜೇಬಿನಿಂದ ಸೀಮೆಸುಣ್ಣ ತೆಗೆದು ಗೆರೆಯೆಳೆದರು. ಗಂಟೆಗೆ 40ರ ವೇಗದಲ್ಲಿ ಬಂದು, ಗೆರೆಯ ಮೇಲೆ ಬ್ರೇಕು ಹಾಕಿ, ಎಲ್ಲಿ ನಿಂತಿತೆಂದು ಹೆಜ್ಜೆಯಿಂದ ಅಳೆಯುವುದು. ಹಿಂದಿನ ಬ್ರೇಕೊಂದನ್ನೇ ಹಾಕಿದಾಗ ಹತ್ತಿರಹತ್ತಿರ 20 ಮೀಟರು. ಮುಂದಿನದನ್ನೂ ಸೇರಿಸಿ, ಗಕ್ಕನೆ ಹಿಂಡದೆ, ನಿಂಬೆಹಣ್ಣು ಹಿಂಡುವಂತೆ ಒತ್ತುತ್ತ ಹೋದಾಗ ಅದರ ಅರ್ಧ.

ಇದರಲ್ಲಿ ಮಾಯವೇನೂ ಇಲ್ಲ. ವಾಹನ ವೇಗ ಕಳೆದುಕೊಳ್ಳುವಾಗ ಭಾರವೆಲ್ಲ ಮುಂಗಾಲಿಗೆ ಬರುತ್ತದೆ. ಹಿಂಗಾಲಿ ಹಗುರವಾಗಿ ಸುಲಭವಾಗಿ ಜಾರುತ್ತದೆ. ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಬ್ರೇಕಿನದೇ. ಮುಂದಿನ ಬ್ರೇಕಿನಿಂದ ಮುಗ್ಗರಿಸಿ ಬೀಳುತ್ತೇವೆಂದು ಅಂಜಿ ಅದನ್ನು ಮುಟ್ಟದವರು ಊರೂರಲ್ಲಿ ಇದ್ದಾರೆ, ಮೇಷ್ಟ್ರೂ ಅವರಲ್ಲೊಬ್ಬರಾಗಿದ್ದರು. ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಎಂಬ ವ್ಯವಸ್ಥೆ 125 ಸಿ.ಸಿ.ಗಿಂತ ದೊಡ್ಡ ಎಂಜಿನ್ನಿನ ಹೊಸ ವಾಹನಗಳಿಗೆಲ್ಲ 2019ರ ಏಪ್ರಿಲಿನಿಂದ ಕಡ್ಡಾಯವಾಯಿತು. ಎರಡು ವರ್ಷದ ಹಿಂದೆ ಕೊಂಡ ಮೇಷ್ಟ್ರ ವಾಹನದಲ್ಲಿ ಅದು ಮುಂಗಾಲಿಗೆ ಮಾತ್ರ ಇತ್ತು. ಯಾವ ಗಾಲಿಗೆ ರಕ್ಷಣೆಯಿತ್ತೋ ಅದರ ಬ್ರೇಕನ್ನು ಮುಟ್ಟದೆ, ಇಲ್ಲದ ಗಾಲಿಯ ಬ್ರೇಕನ್ನು ಅವರು ತುಳಿದಿದ್ದರು.

ವೇಗ ಇಮ್ಮಡಿಯಾದರೆ ಬ್ರೇಕು ಹಾಕಿದ ಮೇಲೆ ಸಾಗುವ ದೂರ ನಾಲ್ಮಡಿ. ವರ್ಗದ ಈ ಲೆಕ್ಕವನ್ನು ತರಗತಿಯಲ್ಲಿ ಎಷ್ಟೋ ಸಲ ಮಾಡಿಸಿದ್ದ ಮೇಷ್ಟ್ರು ಈಗ ಅದನ್ನು ಸೀಮೆಸುಣ್ಣದ ಗೆರೆಗಳಲ್ಲಿ ಕಂಡರು. ಅಪಾಯ ಕಂಡು ಕೈ ಆಡುವಷ್ಟರಲ್ಲಿ ಒಂದು ಸೆಕೆಂಡು ಕಳೆಯುತ್ತದೆಂದು ಇಟ್ಟುಕೊಂಡರೆ, ಒಣ ಟಾರಿನ ಮೇಲೆ 40ರಲ್ಲಿ ನಿಲ್ಲಲು ಒಟ್ಟು ಇಪ್ಪತ್ತು ಚಿಲ್ಲರೆ ಮೀಟರು ಸಾಕು. 80ರಲ್ಲಿ ಅರವತ್ತಕ್ಕೂ ಹೆಚ್ಚು ಬೇಕು. ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಮೇಲೆ ತಾನು ಅದನ್ನು ದಾಟುವವರೆಗೆ ಕನಿಷ್ಠ ಎರಡು ಸೆಕೆಂಡು ಇರಬೇಕೆಂಬ ನಿಯಮ ಹುಟ್ಟಿದ್ದು ಇಂತಹ ಲೆಕ್ಕದಿಂದಲೇ. ಮಳೆಯಲ್ಲಿ ಅದನ್ನು ಇಮ್ಮಡಿಗೊಳಿಸುವುದು ಲೇಸು. ‘ಏನಾದರೂ ಆದರೆ’ ಎಂಬ ಆಕಾರವಿಲ್ಲದ ಭಯ ಇಷ್ಟು ಮೀಟರು, ಇಷ್ಟು ಸೆಕೆಂಡು ಎಂದು ಅಳತೆಗೆ ಬಂದಾಗ ಮೇಷ್ಟ್ರ ಮನಸ್ಸು ಬಹಳಮಟ್ಟಿಗೆ ನೆಲೆಗೊಂಡಿತು. ಕೈಗೂ ಹೊಸ ಅಭ್ಯಾಸ ಬಂದಿತು. ನಲವತ್ತು ಸಲ, ಐವತ್ತು ಸಲ ಒತ್ತಿದ ಬೆರಳುಗಳು ಈಗ ಕೇಳದೆಯೇ ಒತ್ತುತ್ತಿದ್ದುವು.

*

ಆಷಾಢದ ಮೊದಲ ಶನಿವಾರ ಅವರು ಒಬ್ಬರೇ ಹಿರಿಯೂರಿಗೆ ಹೊರಟರು. ಶಿರಾದ ಆಚೆಗೆ, ತಾವರೆಕೆರೆ, ಜವಗೊಂಡನಹಳ್ಳಿಗಳ ಬಯಲಿನಲ್ಲಿ ಆಷಾಢದ ಗಾಳಿ ಪಡುವಣದಿಂದ ಅಡ್ಡಲಾಗಿ ಬೀಸುತ್ತದೆ. ಮಳೆಯನ್ನು ಮಲೆನಾಡಿನಲ್ಲೇ ಸುರಿದುಬಿಟ್ಟು ಬರಿಗೈಯಲ್ಲಿ ಬರುವ ಗಾಳಿಯದು. ಈ ಸೀಮೆಯ ರೈತನಿಗೆ ಮೋಡ ತೋರಿಸಿ ಆಸೆ ಹುಟ್ಟಿಸುವ ಅದೇ ಗಾಳಿಯನ್ನು ನಂಬಿ, ಹಿರಿಯೂರು ಚಿತ್ರದುರ್ಗಗಳ ಗುಡ್ಡಗಳ ನೆತ್ತಿಯ ಮೇಲೆ ಈಗ ವಿದ್ಯುತ್ತಿನ ಗಾಳಿಯಂತ್ರಗಳು ಸಾಲಾಗಿ ನಿಂತಿವೆ.

ವಾಹನ ಎಡಕ್ಕೆ ಕೊಂಚ ವಾಲಿಕೊಂಡೇ ನೇರವಾಗಿ ಸಾಗಿತು. ಗಾಳಿಗೆ ಒರಗಿ ನಡೆಯುವ ಕುರಿಗಾಹಿಯ ಭಂಗಿ ಅದು. ನಿಧಾನವಾದ ಲಾರಿಯೊಂದನ್ನು ಬಲಗಡೆಯಿಂದ ದಾಟುವಾಗ, ಅದರ ಮರೆಯಲ್ಲಿ ಗಾಳಿ ಥಟ್ಟನೆ ನಿಂತುಹೋಯಿತು. ಲಾರಿಯ ಮೂತಿಯನ್ನು ದಾಟಿದೊಡನೆ ಮತ್ತೆ ಬಂದು ನಡುದಿಬ್ಬದತ್ತ ನೂಕಿತು. ಮೇಷ್ಟ್ರು ಅದನ್ನು ನಿರೀಕ್ಷಿಸಿದ್ದರು. ಎಡಗೈ ಮೆಲ್ಲಗೆ ಒತ್ತಿತು. ವಾಹನ ತನ್ನ ಸಾಲಿಗೆ ಮರಳಿತು. ಅಂಗೈ ಬೆವರಿರಲಿಲ್ಲವೆಂದಲ್ಲ. ಬೆವರಿದ ಅಂಗೈಯೇ ಸರಿಯಾದ ಕೆಲಸವನ್ನು ಮಾಡಿತ್ತು. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ, ನೀರು ಕುಡಿದು, ಬೆನ್ನು ನೆಟ್ಟಗೆ ಮಾಡಿಕೊಂಡು ಅವರು ಮುಂದುವರಿದರು. ತೊಂಬತ್ತು ಕಿಲೋಮೀಟರಿಗೆ ಎರಡು ಗಂಟೆ ಹಿಡಿಯಿತು.

ಹಿರಿಯೂರಿನಲ್ಲಿ ಹೆದ್ದಾರಿ ಬಿಟ್ಟು ಕಾಲುವೆಯ ದಾರಿ ಹಿಡಿದಾಗ ನೋಟವೇ ಬದಲಾಯಿತು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ಅಣೆಕಟ್ಟು ಈ ಒಣಸೀಮೆಯ ನಡುವೆ ಹಸುರಿನ ತುಂಡೊಂದನ್ನು ಹೊಲಿದಿದೆ. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಆ ಸಾಗರ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ತರುವಾಯ, 2022ರ ಸೆಪ್ಟೆಂಬರಿನಲ್ಲಿ. ತಮ್ಮ ತಂದೆ ಕಂಡದ್ದನ್ನು ತಾವೂ ಕಂಡೆವೆಂದು ಮುದುಕರು ಅಂದು ತೋಟದ ಆಳುಗಳಿಗೆಲ್ಲ ಬೆಲ್ಲ ಹಂಚಿದ್ದರು.

ಕಣ್ಣಿನ ಪೊರೆಯಿಂದಾಗಿ ಮಗನ ಮುಖ ಸ್ಪಷ್ಟವಾಗುವ ಮೊದಲೇ ಅವರು ಮೋಟಾರು ಸೈಕಲ್ಲಿನ ಟ್ಯಾಂಕಿನ ಮೇಲೆ ಕೈಯಿಟ್ಟು ನೋಡಿದರು. “ಬಿಸಿ ಐತೆ. ತುಮಕೂರಿಂದ ಇದರಾಗೇ ಬಂದ್ಯಾ?”

“ಹೂಂ, ಅಪ್ಪ.”

“ಸರಿ, ಕೈಕಾಲು ತೊಳ್ಕೋ. ಮುದ್ದೆ ಆರ್ತೈತೆ.”

ಅದಕ್ಕಿಂತ ಹೆಚ್ಚಿನ ಮಾತು ನಡೆಯಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಮಗ ಹೊರಡುವಾಗ, ವಾಹನದ ಮೇಲೆ ಕುಳಿತಿದ್ದ ತೋಟದ ಧೂಳನ್ನು ಯಾರೋ ಒರೆಸಿಟ್ಟಿದ್ದರು.

*

ಆ ಬಳಿಕ ಮೇಷ್ಟ್ರು ತಿಂಗಳಿಗೆ ಎರಡು ಬಾರಿ ಈ ದಾರಿಯಲ್ಲಿ ಹೋಗಿಬರುತ್ತಾರೆ. ಅವರಿಗೆ ಮೂರು ನಿಯಮಗಳಿವೆ. ಕತ್ತಲಾದ ಮೇಲೆ ಹೆದ್ದಾರಿಯಿಲ್ಲ, ಜಡಿಮಳೆಯಲ್ಲಿ ಬಸ್ಸು, ಮನಸ್ಸು ಕಲಕಿದ ದಿನವೂ ಬಸ್ಸು. ಹೆದರಿಕೆಯಿಂದ ಬಸ್ಸು ಹಿಡಿದುದಕ್ಕೂ ವಿವೇಕದಿಂದ ಬಸ್ಸು ಹಿಡಿಯುವುದಕ್ಕೂ ಹೊರನೋಟಕ್ಕೆ ವ್ಯತ್ಯಾಸ ಕಾಣದು; ಆ ವ್ಯತ್ಯಾಸ ಅವರಿಗೆ ಗೊತ್ತು. ಎರಡು ದಾರಿಗಳೂ ತೆರೆದಿದ್ದಾಗ ಒಂದನ್ನು ಬಿಡುವುದು ಸೋಲಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಮತ್ತೆ ದೂರವಾಣಿ ಬಂದಿತು. ಮುದುಕರಿಗೆ ಜ್ವರ, ಏದುಸಿರು. ಗಂಟೆ ಎರಡಾಗಿತ್ತು, ಆಕಾಶ ತಿಳಿಯಾಗಿತ್ತು. ಮನಸ್ಸು ಕಲಕಿದೆಯೇ ಎಂದು ಮೇಷ್ಟ್ರು ತಮ್ಮನ್ನೇ ಕೇಳಿಕೊಂಡರು. ಕಲಕಿತ್ತು. ಮನೆಯ ಮೆಟ್ಟಿಲ ಮೇಲೆ ಐದು ನಿಮಿಷ ಕುಳಿತರು. ಎದೆಯ ಬಡಿತ ತಹಬಂದಿಗೆ ಬಂದ ಮೇಲೆ ಟೈರು ಒತ್ತಿ ನೋಡಿ, ಹೆಲ್ಮೆಟ್ಟಿನ ಪಟ್ಟಿ ಬಿಗಿದು ಹೊರಟರು. ಕೋರಾ ಬಂದಿತು, ಹೋಯಿತು. ಸೀಬಿ, ಕಳ್ಳಂಬೆಳ್ಳ, ಶಿರಾಗಳು ಸರಿದುವು. ಮುಳ್ಳು 70ನ್ನು ದಾಟಲಿಲ್ಲ. ಐದಕ್ಕೆ ಮೊದಲೇ ಅವರು ತೋಟದ ಬೇಲಿಯ ಬಳಿ ನಿಂತಿದ್ದರು.

ಹಳ್ಳಿಯಲ್ಲಿದ್ದ ಒಂದೇ ಕಾರು ಚಿತ್ರದುರ್ಗದ ಮದುವೆಗೆ ಹೋಗಿತ್ತು. ಬೇರೊಂದು ವಾಹನಕ್ಕೆ ಹೇಳಿಕಳುಹಿಸುವುದೋ ಎಂದು ಮಗ ಯೋಚಿಸುತ್ತಿರುವಾಗಲೇ, ಅಷ್ಟರಲ್ಲಿ ಉಸಿರು ಸ್ವಲ್ಪ ಹತೋಟಿಗೆ ಬಂದಿದ್ದ ಮುದುಕರು ಶಾಲು ಹೊದೆದು, ಮಗ ಕಟ್ಟಿದ ಹೆಲ್ಮೆಟ್ಟಿಗೆ ಗೊಣಗುತ್ತ, ಹಿಂದಿನ ಸೀಟನ್ನು ಏರಿ ಕುಳಿತರು. ಬಿಸಿಯಾದ ಎರಡು ಕೈಗಳು ಮಗನ ಭುಜಗಳನ್ನು ಹಿಡಿದುವು. ಮೇಷ್ಟ್ರು ಕಾಲುವೆಯ ದಾರಿಯ ಪ್ರತಿಯೊಂದು ಕುಣಿಯನ್ನೂ ತಪ್ಪಿಸುತ್ತ, ಗಂಟೆಗೆ 25ರ ವೇಗದಲ್ಲಿ, ತುಂಬಿದ ಕೊಡ ಹೊತ್ತವರಂತೆ ಹಿರಿಯೂರಿನ ಕಡೆಗೆ ಸಾಗಿದರು. ಪಡುವಣ ಗುಡ್ಡದ ಮೇಲೆ ಗಾಳಿಯಂತ್ರಗಳು ಸಂಜೆಯ ಬಿಸಿಲಿನಲ್ಲಿ ನಿಧಾನವಾಗಿ ತಿರುಗುತ್ತಿದ್ದುವು.

ಎರಡು ಮೈಲಿ ಕಳೆದಿರಬಹುದು. ಹಿಂದಿನಿಂದ ಕ್ಷೀಣವಾದ, ಆದರೆ ಖಚಿತವಾದ ಧ್ವನಿ ಕೇಳಿಸಿತು:

“ಏನಪ್ಪ, ತುಮಕೂರಿಂದ ಹಿಂಗೇ ಬಂದ್ಯಾ? ಸ್ವಲ್ಪ ಜೋರಾಗಿ ಬಿಡು. ಡಾಕ್ಟ್ರು ಮನೆಗೆ ಹೋಗ್ಬಿಡ್ತಾರೆ.”